ಮ ಕಾಗುಣಿತದ ಕಾಯಿಲೆ



ಯಾದಗಿರಿ ಜಿಲ್ಲೆಯ ಬಳಿಚಕ್ರ ನನ್ನೂರು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಮೇ ತಿಂಗಳ ವರ್ಣನೆ ಬೇಕಿಲ್ಲ. 42 ಡಿಗ್ರಿ ದಾಟಿದ ದಿನ ನಾಯಿಗಳು ಬಚ್ಚಲಕಲ್ಲಿಗೆ ಹೊಟ್ಟೆ ಹಚ್ಚಿ ಮಲಗಿರುತ್ತವೆ, ಮನುಷ್ಯರು ಬೇವಿನ ನೆರಳು ಬಿಟ್ಟು ಕದಲುವುದಿಲ್ಲ. ಅಂಥ ಒಂದು ಮೇ ತಿಂಗಳಲ್ಲಿ ವೈದ್ಯಕೀಯ ಓದಿನ ನಡುವೆ ರಜೆಗೆಂದು ಊರಿಗೆ ಬಂದಿದ್ದೆ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಪಡಸಾಲೆಯಲ್ಲಿ ಕೌದಿ ಹೊದ್ದು ಕುಳಿತಿದ್ದಳು. ನಲವತ್ತರ ಆಸುಪಾಸಿನವಳು.

"ಡಾಕ್ಟರಕಿ ಕಲಿಲಾಕತ್ತಿದಿ ಅಲ್ಲವ್ವಾ, ನನಗೇನಾಗ್ಯಾದ ನೋಡು. ಮೈ ಅನ್ನೋದು ಮೂಟಿ ಆಗ್ಯಾದ. ನಾನೇ ಎತ್ತಿ ನಾನೇ ಇಡಬೇಕು. ನೆಪ್ಪು ಹಾರ್ತದ, ಒಲಿ ಮ್ಯಾಲ ಹಾಲಿಟ್ಟು ಮರೀತೀನಿ" ಎಂದಳು. ದನಿ ಗೊಗ್ಗರಾಗಿತ್ತು. ಮುಖ ಊದಿದಂತಿತ್ತು. ಬಿಸಿಲಿಗೆ ಹೆದರಿ ಊರೆಲ್ಲ ಒಳಗೆ ಸೇರಿದ್ದಾಗ ಅವಳೊಬ್ಬಳು ಕೌದಿಯ ಅಂಚನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದಳು.

ನಿಶ್ಶಕ್ತಿ ಇರಬೇಕು, ಸೊಪ್ಪು ತಿನ್ನು, ಬೆಲ್ಲ ತಿನ್ನು ಎಂದು ಹೇಳಿ ನಾನು ಮನೆಗೆ ಬಂದೆ.

ಅದೇ ಹೊತ್ತಿಗೆ ನನ್ನ ಚೀಲದಲ್ಲಿ ಪರೀಕ್ಷೆಯ ನೋಟುಪುಸ್ತಕವಿತ್ತು. ಥೈರಾಯ್ಡ್ ಪುಟದಲ್ಲಿ ಕೆಂಪು ಶಾಯಿಯಿಂದ 'ಮಾಮ್ಸ್ ಸೋ ಟಯರ್ಡ್' ಎಂದು ಬರೆದುಕೊಂಡಿದ್ದೆ. ಅಮ್ಮ ತುಂಬ ದಣಿದಿದ್ದಾಳೆ ಎಂದು ಅದರ ಅರ್ಥ. ಇಂಗ್ಲಿಷಿನ 11 ಅಕ್ಷರ, ಒಂದೊಂದು ಅಕ್ಷರಕ್ಕೆ ಥೈರಾಯ್ಡ್ ಕೊರತೆಯ ಒಂದೊಂದು ಲಕ್ಷಣ. ಎಂ ಎಂದರೆ ಮೆಮೊರಿ ಲಾಸ್, ಐ ಎಂದರೆ ಇನ್‌ಟಾಲರೆನ್ಸ್ ಟು ಕೋಲ್ಡ್, ಹೀಗೆ. ಥೈರಾಯ್ಡ್ ಹೆಚ್ಚಾದ ಕಾಯಿಲೆಗೂ ಒಂದು ಸೂತ್ರವಿತ್ತು: ಥೈರಾಯ್ಡಿಸಂ ಎಂಬ ಪದದ ಅಕ್ಷರಗಳನ್ನೇ ಬಿಡಿಸಿ ನಡುಕ, ಎದೆಬಡಿತ, ಬೆವರು ಎಂದು ಕೂಡಿಸಿದ್ದು. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಎರಡನ್ನೂ ಒಪ್ಪಿಸುತ್ತಿದ್ದೆ. ಆದರೆ 'ನೆಪ್ಪು ಹಾರ್ತದ' ಎಂದಾಗ ಅದೇ ಎಂ ಅಕ್ಷರ ನನ್ನ ಮುಂದೆ ಮಾತಾಡುತ್ತಿದೆ ಎಂದು ತಿಳಿಯಲಿಲ್ಲ. ಕೌದಿಯನ್ನು ಕಣ್ಣಾರೆ ನೋಡಿದೆ; ಐ ಅಕ್ಷರ ಕಾಣಲಿಲ್ಲ. ಆ ಹೆಂಗಸಿನ ಕಾಯಿಲೆ ಪತ್ತೆಯಾಗಲು ಮತ್ತೆ ಒಂದೂವರೆ ವರ್ಷ ಹಿಡಿಯಿತು, ಅದೂ ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ. ಆ ಒಂದೂವರೆ ವರ್ಷ ಅವಳು ಮೂಟೆ ಹೊತ್ತೇ ಬದುಕಿದಳು. ಅದರಲ್ಲಿ ನನ್ನ ಪಾಲಿದೆ. ಈ ಮಾತನ್ನು ಇಂದು ಬಾನುಲಿಯಲ್ಲಿ ಹೇಳುತ್ತಿರುವುದು ವೈದ್ಯಕೀಯ ಓದುತ್ತಿರುವ ನಮ್ಮ ಸೀಮೆಯ ಹುಡುಗ ಹುಡುಗಿಯರಿಗಾಗಿ. ಹಾಗೆಯೇ ಕೌದಿ ಹೊದ್ದು ಕುಳಿತ ತಾಯಂದಿರಿಗಾಗಿ.

ನೆನಪಿಗೆ ಸೂತ್ರ ಕಟ್ಟುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಮಗ್ಗಿಯನ್ನು ರಾಗವಾಗಿ ಹೇಳಿ ಬೆಳೆದವರು ನಾವು. ಛಂದಸ್ಸಿನ ಎಂಟು ಗಣಗಳನ್ನು 'ಯಮಾತಾರಾಜಭಾನಸಲಗಂ' ಎಂಬ ಒಂದೇ ಉಸಿರಿನಲ್ಲಿ ಹಿಡಿದಿಟ್ಟುಕೊಂಡವರು. 14ನೆಯ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕನ್ನಡ ಪದ್ಯದಲ್ಲಿ ಕಟ್ಟಿದ. ಹಾವು ಕಚ್ಚಿದವನನ್ನು ಮುಂದಿಟ್ಟುಕೊಂಡು ವೈದ್ಯ ಓಲೆಗರಿ ಹುಡುಕುತ್ತ ಕೂರಲಾಗದು. ಮದ್ದಿನ ಹೆಸರು ನಾಲಿಗೆಯ ತುದಿಗೇ ಬರಬೇಕು, ಅದಕ್ಕೆ ಪದ್ಯವೇ ಸರಿ. ನಮ್ಮ ಕಾಲಕ್ಕೆ ಬಂದರೆ, ವೈದ್ಯ ಪದಗಳ ಹುಟ್ಟನ್ನೂ ರಚನೆಯನ್ನೂ ಕುರಿತು ಡಾ. ಡಿ.ಎಸ್. ಶಿವಪ್ಪ ಪುಸ್ತಕವನ್ನೇ ಬರೆದರು. ಕಲಬುರಗಿಯಲ್ಲಿ ಪಾಠ ಹೇಳುತ್ತಲೇ ಡಾ. ಪಿ.ಎಸ್. ಶಂಕರ್ ಕನ್ನಡದಲ್ಲಿ ಒಂದರ ಮೇಲೊಂದು ವೈದ್ಯಕೀಯ ಪುಸ್ತಕ ತಂದರು.

ಊರಿನಿಂದ ಮರಳಿದ ಮೇಲೆ, ಆ ಹೆಂಗಸಿಗೆ ಏನಾಗಿತ್ತೆಂದು ತಿಳಿದ ದಿನ, ನೋಟುಪುಸ್ತಕದ ಎದುರು ಪುಟದಲ್ಲಿ ಕನ್ನಡದ್ದೇ ಸೂತ್ರ ಬರೆಯಲು ಕುಳಿತೆ. ಬರೆಯುತ್ತ ಹೋದಂತೆ ಒಂದು ಸಂಗತಿ ಕಂಡಿತು: ಥೈರಾಯ್ಡ್ ಕೊರತೆಯ ಲಕ್ಷಣಗಳು ಹೆಚ್ಚುಕಡಿಮೆ ಎಲ್ಲವೂ ಕನ್ನಡದಲ್ಲಿ ಮ ಅಕ್ಷರದ ಕಾಗುಣಿತಕ್ಕೆ ಬಂದು ಕೂರುತ್ತವೆ.

ಮ ಎಂದರೆ ಮರೆವು, ಮಲಬದ್ಧತೆ. ಮಾ ಎಂದರೆ ಮಾಗಿ. ಮಾಗಿಯ ಚಳಿಯನ್ನಂತೂ ತಡೆಯಲಾಗದು, ಉಳಿದ ತಿಂಗಳೂ ಅವರಿಗೆ ಮಾಗಿಯೇ. ಮಾತು ಗೊಗ್ಗರಾಗುವುದೂ ಅಲ್ಲೇ. ಮಿ ಎಂದರೆ ನಾಡಿಯ ಮಿಡಿತ, ಅದು ನಿಧಾನವಾಗುತ್ತದೆ. ಮು ಎಂದರೆ ಮುಖ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತದೆ. ಮುಟ್ಟು ಕೂಡ ಇದೇ ಮನೆಯದು. ಹೆಚ್ಚು ಹೋಗಬಹುದು, ಹೊತ್ತು ತಪ್ಪಬಹುದು. ಮೆ ಎಂದರೆ ಮೆಲ್ಲಗೆ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದರೆ ಪಾದ ಜಿಗಿದು, ಮರಳುವಾಗ ಮಾತ್ರ ಮೆಲ್ಲಗೆ ಇಳಿಯುತ್ತದೆ. ಒಮ್ಮೆ ನೋಡಿದ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ. ಮೇ ಎಂದರೆ ಮೇದಸ್ಸು, ರಕ್ತದಲ್ಲಿ ಕೊಬ್ಬು ಏರುತ್ತದೆ. ಮೈ ಎಂದರೆ ಮೈಭಾರ, ಒಣಗಿ ಹೊಟ್ಟೇಳುವ ಮೈತೊಗಲು. ಮೌ ಎಂದರೆ ಮೌನ. ನಾಲ್ಕು ಜನರ ನಡುವೆ ನಗುತ್ತಿದ್ದವಳು ಮಾತು ಬಿಟ್ಟು ಮೂಲೆ ಸೇರುತ್ತಾಳೆ, ಮನೆಯವರು ಸಿಟ್ಟು ಎಂದುಕೊಳ್ಳುತ್ತಾರೆ. ಮಂ ಎಂದರೆ ಮಂಕು.

ಕೆಲವು ಮನೆ ಖಾಲಿ ಉಳಿದವು, ಅವುಗಳಲ್ಲಿ ಮೀ ಮತ್ತು ಮೂ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ ಪುತ್ತೂರು ಕಡೆಯವಳು. 'ಮೀಯಲು ಬಿಸಿನೀರೇ ಬೇಕು' ಎಂದು ಮೀ ಮನೆ ತುಂಬಿಸಿಕೊಟ್ಟಳು. ನಮ್ಮ ಕಡೆ ಯಾರೂ ಮೀಯುವುದಿಲ್ಲ, ಜಳಕ ಮಾಡುತ್ತೇವೆ. ಆದರೂ ಬರೆದುಕೊಂಡೆ. ಮುಂದೊಂದು ದಿನ ಕರಾವಳಿಯ ರೋಗಿ ಬಂದರೆ ಬೇಕಲ್ಲ.

ಇನ್ನು ಥೈರಾಯ್ಡ್ ಗ್ರಂಥಿಯ ಸ್ರಾವ ಹೆಚ್ಚಾದಾಗ? ಅದು ಬ ಕಾಗುಣಿತದ ಕಾಯಿಲೆ, ಬಳಿಚಕ್ರದ ಬ. ಎದೆಬಡಿತ, ತಿಂದರೂ ಬಡಕಲಾಗುವ ಮೈ, ಕೂತಲ್ಲಿಂದ ಏಳಲು ತೊಡೆಯಲ್ಲಿ ಬಲವಿಲ್ಲದಿರುವುದು, ರೆಪ್ಪೆ ಮೇಲಕ್ಕೆ ಸೆಳೆದ ಬಿರುಗಣ್ಣು, ಬೆವರು, ಬೆರಳ ನಡುಕ, ಬೇಗುದಿ, ಬೇದಿ. ಭೇದಿಗೆ ಮಹಾಪ್ರಾಣ ಬೇಕು ಎಂದು ಕನ್ನಡ ಮಾಸ್ತರರು ತಿದ್ದುತ್ತಾರೆ. ನಮ್ಮ ಬಾಯಲ್ಲಿ ಅದು ಬೇದಿಯೇ, ಸೂತ್ರಕ್ಕೆ ಅದೇ ಅನುಕೂಲ.

ಈ ಪಟ್ಟಿಯಲ್ಲಿ ಬೇಸಿಗೆ ತಡೆಯದು ಎಂಬ ಲಕ್ಷಣವೂ ಇದೆ. ಪುಸ್ತಕ ಬರೆದವರು ತಣ್ಣನೆಯ ದೇಶದವರು. ಅಲ್ಲಿ 'ನಿಮಗೆ ಸೆಕೆ ಹೆಚ್ಚಾಗುತ್ತದೆಯೇ' ಎಂದು ಕೇಳಿದರೆ ಉತ್ತರಕ್ಕೆ ಬೆಲೆಯುಂಟು. ಬಳಿಚಕ್ರದಲ್ಲಿ ಏಪ್ರಿಲ್ಲಿನಲ್ಲಿ ಅದನ್ನೇ ಕೇಳಿದರೆ ಹೌದು ಎನ್ನದವರು ಯಾರು? ಇಲ್ಲಿ ಕೇಳಬೇಕಾದ್ದು ಬೇರೆ: "ಎಳ್ಳಮಾಸಿ ಥಂಡ್ಯಾಗೂ ಕೌದಿ ಒದ್ದು ಮಲಗ್ತೀರೇನು?" ಹೌದು ಎಂದರೆ ಕಿವಿ ನಿಮಿರಬೇಕು. ಅಂಗೈ ಮುಟ್ಟಿ ನೋಡಬೇಕು. ಹೆದರಿದವನ ಅಂಗೈ ತಣ್ಣಗೆ ಬೆವರಿರುತ್ತದೆ, ಥೈರಾಯ್ಡ್ ಹೆಚ್ಚಾದವನದು ಬೆಚ್ಚಗೆ ಬೆವರಿರುತ್ತದೆ. ನಿದ್ದೆಯಲ್ಲಿರುವಾಗ ನಾಡಿ ಎಣಿಸಲು ಮನೆಯವರಿಗೆ ಹೇಳಿ. ಚಿಂತೆಯಿಂದ ಓಡುವ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ. ಈ ಕಾಯಿಲೆಯಲ್ಲಿ ನಿದ್ದೆಯಲ್ಲೂ ಓಡುತ್ತಲೇ ಇರುತ್ತದೆ.

ಪ ಫ ಬ ಭ ಮ ಎಂದು ಹೇಳುವಾಗ ಬ ಮೊದಲು, ಮ ಆಮೇಲೆ. ಇದನ್ನೂ ನೆನಪಿಡಲು ಕಾರಣವಿದೆ. ಹೆರಿಗೆಯಾದ ಒಂದು ವರ್ಷದೊಳಗೆ ಕೆಲವು ತಾಯಂದಿರಿಗೆ ಗ್ರಂಥಿಯ ಉರಿಯೂತವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಕೂಡಿಟ್ಟ ಸ್ರಾವವೆಲ್ಲ ಸೋರಿ ಬ ಲಕ್ಷಣ ಕಾಣಿಸುತ್ತವೆ, ನಂತರ ಗ್ರಂಥಿ ಬರಿದಾಗಿ ಮ ಲಕ್ಷಣಗಳು. ಬಹಳ ಜನರಲ್ಲಿ ತಾನಾಗಿ ಸರಿಹೋಗುತ್ತದೆ, ಕೆಲವರಲ್ಲಿ ಕೊರತೆ ಉಳಿದುಬಿಡುತ್ತದೆ. ಬಾಣಂತಿ ಸೊರಗಿದಳು, ಬಾಣಂತಿ ಮಂಕಾದಳು ಎಂದು ಎಲ್ಲವನ್ನೂ ಬಾಣಂತನದ ಲೆಕ್ಕಕ್ಕೆ ಬರೆಯಬೇಡಿ, ಒಮ್ಮೆ ರಕ್ತ ನೋಡಿಸಿ.

ಗ್ರಂಥಿಯ ಹೆಸರಿನ ಬಗ್ಗೆ ಒಂದು ಮಾತು. 1656ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಅದಕ್ಕೆ ಗ್ರೀಕರ ಗುರಾಣಿಯ ಹೆಸರಿಟ್ಟ. ಮೈಸೂರಿನ ಕನ್ನಡ ವಿಶ್ವಕೋಶದವರು ಗುರಾಣಿಕ ಗ್ರಂಥಿ ಎಂದರು. ನನಗೆ ಈ ಪದ ಬಹಳ ಪ್ರೀತಿ. ಥೈರಾಯ್ಡ್ ಎಂದಾಗ ನಮ್ಮ ಹುಡುಗರಿಗೆ ಯಾವ ಚಿತ್ರವೂ ಮೂಡುವುದಿಲ್ಲ. ಗುರಾಣಿಕ ಎಂದರೆ ಕುತ್ತಿಗೆಯ ಮುಂದೆ ಹಿಡಿದ ಸುಮಾರು 20 ಗ್ರಾಂ ತೂಕದ ಗುರಾಣಿ ಕಣ್ಣಿಗೆ ಬರುತ್ತದೆ. ಅದೇ ಹಾಶಿಮೊಟೊ ಎಂಬ ಹೆಸರು ನೋಡಿ. ಅಯೊಡೀನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಥೈರಾಯ್ಡ್ ಕೊರತೆಗೆ ಮುಖ್ಯ ಕಾರಣ ಈ ಕಾಯಿಲೆ. ದೇಹದ ರಕ್ಷಣಾ ಪಡೆ ತನ್ನದೇ ಗುರಾಣಿಯನ್ನು ಕಡಿಯುತ್ತದೆ. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ತಾನು ಕಂಡ ನಾಲ್ಕು ಪ್ರಕರಣಗಳನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದ. ಲೋಕಕ್ಕೆ ಮುಟ್ಟಿಸಲು ಜರ್ಮನ್ ಬೇಕಾಯಿತು. ರೋಗಿಯ ಹಾಸಿಗೆಯ ಬಳಿ ಅವನು ಕೇಳಿದ್ದು ಜಪಾನಿಯನ್ನೇ ಅಲ್ಲವೇ?

ಪರೀಕ್ಷೆಗೆ ಓದುವವರು ಎಲ್ಲಕ್ಕಿಂತ ಹೆಚ್ಚು ಎಡವುವುದು ರಕ್ತಪರೀಕ್ಷೆಯ ಅಂಕಿಗಳಲ್ಲಿ. ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ, ಟಿಎಸ್‌ಎಚ್ ಕಡಿಮೆಯಿದ್ದರೆ ಥೈರಾಯ್ಡ್ ಹೆಚ್ಚು ಎಂಬ ಈ ತಿರುವುಮುರುವು ರೋಗಿಗಳಿಗೂ ಗೊಂದಲ. ಇದಕ್ಕೆ ನಾನು ಶಹಾಪುರ, ಸುರಪುರದ ರೈತರ ಬಳಿ ಉತ್ತರ ಕಂಡುಕೊಂಡೆ. ಅವರ ಹೊಲಗಳಿಗೆ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ನೀರು. ಕಾಲುವೆಯ ಕೊನೆಯ ಹೊಲ ಒಣಗಿದಾಗ ರೈತರ ಫೋನು ಶುರು: ನೀರು ಬಿಡ್ರಿ, ನೀರು ಬಿಡ್ರಿ. ಹೊಲ ಒಣಗಿದಷ್ಟೂ ಕರೆ ಹೆಚ್ಚು. ಹೊಲ ತುಂಬಿ ಬದು ಒಡೆಯುವಂತಾದರೆ ಒಬ್ಬರೂ ಫೋನು ಮಾಡುವುದಿಲ್ಲ. ಮೈಯೇ ಹೊಲ, ಥೈರಾಕ್ಸಿನ್ ನೀರು, ಕುತ್ತಿಗೆಯ ಗ್ರಂಥಿ ತೂಬು, ಮಿದುಳಿನಡಿಯ ಪಿಟ್ಯುಟರಿ ಫೋನು ಮಾಡುವ ರೈತ. ಟಿಎಸ್‌ಎಚ್ ಎಂದರೆ ಅವನ ಕರೆಗಳ ಸಂಖ್ಯೆ. ಸಾಮಾನ್ಯವಾಗಿ 0.4ರಿಂದ 4ರವರೆಗೆ. ಪ್ರಯೋಗಾಲಯಕ್ಕೆ ತಕ್ಕಂತೆಯೂ ಬಸುರಿಯರಲ್ಲಿಯೂ ಈ ಮಿತಿ ತುಸು ಬದಲಾಗುತ್ತದೆ.

ಈ ಹೋಲಿಕೆಯನ್ನು ಒಂದು ಹೆಜ್ಜೆ ಮುಂದೆ ಒಯ್ಯಲೇಬೇಕು. ಹೊಲ ಒಣಗಿದೆ, ಆದರೂ ಒಂದು ಕರೆಯೂ ಬರುತ್ತಿಲ್ಲ ಎಂದರೆ? ಫೋನೇ ಕೆಟ್ಟಿದೆ. ಟಿ4, ಅಂದರೆ ಥೈರಾಕ್ಸಿನ್, ತಗ್ಗಿ, ಟಿಎಸ್‌ಎಚ್ ಏರದೆ ಉಳಿದರೆ ಪಿಟ್ಯುಟರಿಯನ್ನೇ ಸಂಶಯಿಸಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರಲ್ಲಿ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸಾಯಬಹುದು ಎಂದು 1937ರಲ್ಲಿ ಶೀಹನ್ ಎಂಬ ವೈದ್ಯ ವಿವರಿಸಿದ. ಅಂಥ ತಾಯಿಗೆ ಎದೆಹಾಲು ಇಳಿಯುವುದಿಲ್ಲ, ಮುಟ್ಟು ಮರಳುವುದಿಲ್ಲ, ವರ್ಷಗಟ್ಟಲೆ ನಿತ್ರಾಣ. ಟಿಎಸ್‌ಎಚ್ ಒಂದನ್ನೇ ನೋಡಿ 'ನಾರ್ಮಲ್ ಇದೆ' ಎಂದು ಕಳಿಸಿದರೆ ಅವಳ ಗತಿಯೇನು? ಹೆರಿಗೆಗೆ ಮನೆಯೇ ಗತಿಯಾಗಿದ್ದ ಕಾಲವನ್ನು ಕಂಡ ಜಿಲ್ಲೆ ನಮ್ಮದು. ಆದ್ದರಿಂದ ದಣಿದ ಹೆಂಗಸು ಬಂದಾಗ 'ಹಡೆದಾಗ ರಕ್ತ ಭಾಳ ಹೋಗಿತ್ತೇನು, ಕೂಸಿಗೆ ಹಾಲು ಬಂದಿತ್ತೇನು' ಎಂದು ಕೇಳುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು. ಇವರಿಗೆ ಥೈರಾಕ್ಸಿನ್ ಕೊಡುವ ಮುನ್ನ ಕಾರ್ಟಿಸಾಲ್ ಕೊರತೆಯನ್ನು ನೋಡಿ ಸರಿಪಡಿಸಬೇಕು. ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ.

ಈಗ ಕೂಸುಗಳ ವಿಷಯ. ಇದನ್ನು ಹೇಳುವಾಗ ನನಗೆ ಆತುರವಾಗುತ್ತದೆ, ಯಾಕೆಂದರೆ ಇಲ್ಲಿ ಕಾಯಲು ಹೊತ್ತಿಲ್ಲ. ಜಗತ್ತಿನಲ್ಲಿ 2000ದಿಂದ 4000 ಹೆರಿಗೆಗಳಿಗೆ ಒಂದರಂತೆ ಥೈರಾಯ್ಡ್ ಕೊರತೆಯ ಕೂಸು ಹುಟ್ಟುತ್ತದೆ. ಹುಟ್ಟಿದ ಎರಡು ವಾರದೊಳಗೆ ಗುಳಿಗೆ ಶುರುವಾದರೆ ಮಗು ಎಲ್ಲರಂತೆ ಬೆಳೆದು ಶಾಲೆಗೆ ಹೋಗುತ್ತದೆ. ತಿಂಗಳುಗಳು ಕಳೆದರೆ ಮಂದವಾದ ಬುದ್ಧಿಯನ್ನು ಯಾವ ಗುಳಿಗೆಯೂ ಮರಳಿ ತರದು. ಪುಸ್ತಕದಲ್ಲಿ ಇದಕ್ಕೆ ಆರು ಪಿ ಎಂಬ ಇಂಗ್ಲಿಷ್ ಸೂತ್ರವಿದೆ. ಹಳಗನ್ನಡದ ಪ ನಡುಗನ್ನಡದಲ್ಲಿ ಹ ಆದದ್ದು, ಪಾಲ್ ಹಾಲಾದದ್ದು ಕನ್ನಡ ಓದಿದವರಿಗೆ ಗೊತ್ತು. ನನ್ನ ಪುಟದಲ್ಲೂ ಪಿ ಹೋಗಿ ಹ ಬಂತು: ಹಾಲು ಚೀಪದು, ಹಳದಿ ಬಿಡದು, ಹೊಟ್ಟೆ ಉಬ್ಬು, ಹೊಕ್ಕುಳು ಉಬ್ಬು, ಹೊರಚಾಚಿದ ನಾಲಿಗೆ, ಹೇಲು ಕಟ್ಟುವುದು. ಕೊನೆಯ ಪದವನ್ನು ಬಾನುಲಿಯಲ್ಲಿ ಹೇಳಬಹುದೇ ಎಂದು ಯೋಚಿಸಿದೆ. ತಾಯಂದಿರು ನಮಗೆ ಹೇಳುವುದು ಆ ಪದವನ್ನೇ, ಹಾಗಾಗಿ ಇರಲಿ.

ಇದಕ್ಕಿಂತ ಮುಖ್ಯವಾದ ಒಂದು ಲಕ್ಷಣವನ್ನು ಮನೆಯವರು ಹೊಗಳಿಕೆಯಾಗಿ ಹೇಳುತ್ತಾರೆ: "ಭಾಳ ಶಾಣ್ಯಾ ಕೂಸ್ರಿ, ಅಳಂಗೇ ಇಲ್ಲ. ಹಾಕಿದಲ್ಲೇ ಮಲಗಿರ್ತದ." ಹಸಿವಾದರೂ ಅಳದ, ಎಬ್ಬಿಸಿದರೂ ಚೀಪದ ಕೂಸನ್ನು ಜಾಣ ಎನ್ನಬೇಡಿ. ಇನ್ನೊಂದು ಕಷ್ಟವೆಂದರೆ ಹುಟ್ಟಿದ ಮೊದಲ ದಿನಗಳಲ್ಲಿ ಇಂಥ ಬಹಳ ಕೂಸುಗಳು ನೋಡಲು ಚೆನ್ನಾಗಿಯೇ ಇರುತ್ತವೆ. ತಾಯಿಯ ಥೈರಾಕ್ಸಿನ್ ಅಷ್ಟು ಕಾಪಾಡಿರುತ್ತದೆ. ಆದ್ದರಿಂದ ಹ ಸೂತ್ರಕ್ಕೆ ಕಾಯದೆ, ಹುಟ್ಟಿದ ಮೂರರಿಂದ ಐದನೆಯ ದಿನದೊಳಗೆ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ನೋಡಬೇಕು. ಹೆರಿಗೆಯಾದ ಆಸ್ಪತ್ರೆಯಲ್ಲಿ ಕೇಳಿ, ಒತ್ತಾಯಿಸಿ ಕೇಳಿ.

ಸೂತ್ರ ನಂಬಿ ಮೋಸ ಹೋಗುವುದೂ ಉಂಟು. ಎಪ್ಪತ್ತು ದಾಟಿದವರಲ್ಲಿ ಥೈರಾಯ್ಡ್ ಹೆಚ್ಚಾದಾಗ ಬೆವರೂ ಇಲ್ಲ, ನಡುಕವೂ ಇಲ್ಲದಿರಬಹುದು. ಸುಮ್ಮನೆ ಸೊರಗಿ, ಮಂಕಾಗಿ, ನಾಡಿ ಮಾತ್ರ ತಾಳ ತಪ್ಪಿ ಹೊಡೆಯುತ್ತಿರುತ್ತದೆ. ಬ ಕಾಯಿಲೆ ಮ ವೇಷ ಹಾಕಿಕೊಂಡು ಬಂದಂತೆ. ಅದಕ್ಕೇ ಸೂತ್ರದ ಪುಟದ ಕೆಳಗೆ 'ರಕ್ತ ನೋಡದೆ ತೀರ್ಮಾನವಿಲ್ಲ' ಎಂದು ಬರೆದಿಟ್ಟಿದ್ದೇನೆ.

ಗುಳಿಗೆ ನುಂಗುವವರಿಗೆ ಸ್ವಲ್ಪ ಹೇಳುತ್ತೇನೆ. ಕೊರತೆಯ ಗುಳಿಗೆಯನ್ನು ನಸುಕಿನಲ್ಲಿ ಬರಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ಚಾ ಅರ್ಧ ತಾಸಾದರೂ ಆಮೇಲೆ, ಒಂದು ತಾಸಾದರೆ ಮತ್ತೂ ಚಲೋ. ಕಬ್ಬಿಣದ ಗುಳಿಗೆ, ಸುಣ್ಣದ ಗುಳಿಗೆ ಇದ್ದರೆ ನಾಲ್ಕು ತಾಸು ಅಂತರ ಬೇಕು. ಬಸುರಿಯರಿಗೆ ಎರಡನ್ನೂ ಕೊಟ್ಟಿರುತ್ತಾರೆ, ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿದರೆ ಥೈರಾಕ್ಸಿನ್ ಮೈಗೆ ಹತ್ತುವುದಿಲ್ಲ. ಬಸುರಾದೊಡನೆ ಗುಳಿಗೆ ಬಿಡುವುದಂತೂ ದೊಡ್ಡ ತಪ್ಪು. ಆಗ ಪ್ರಮಾಣ ಹೆಚ್ಚೇ ಬೇಕಾಗುತ್ತದೆ. ತಗಡಿನ ಮಾಡಿನ ಕೆಳಗೆ, ಒಲೆಯ ಪಕ್ಕದ ಗೂಡಿನಲ್ಲಿ ಡಬ್ಬಿ ಇಡಬೇಡಿ, ನಮ್ಮ ಬೇಸಿಗೆಗೆ ಅದರ ಸತ್ವ ಕುಂದುತ್ತದೆ. ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವವರು ರೇಷನ್ ಕಾರ್ಡಿನ ಜೊತೆ ಔಷಧದ ಚೀಟಿಯನ್ನೂ ಇಟ್ಟುಕೊಳ್ಳಿ. ಥೈರಾಯ್ಡ್ ಹೆಚ್ಚಾದದ್ದಕ್ಕೆ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದು ಜ್ವರ, ಗಂಟಲುನೋವು ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ. ಅಪರೂಪಕ್ಕೆ ಆ ಔಷಧ ಬಿಳಿ ಕಣಗಳನ್ನು ಮುಗಿಸಿಬಿಡುತ್ತದೆ.

ಸಜ್ಜೆರೊಟ್ಟಿ ಬಿಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ಸಜ್ಜೆಯಲ್ಲಿ ಗ್ರಂಥಿಯ ಕೆಲಸಕ್ಕೆ ತುಸು ಅಡ್ಡಬರುವ ಅಂಶವಿದೆ ನಿಜ. ಅಯೊಡೀನ್ ಇಲ್ಲದೆ ಬರಿ ಸಜ್ಜೆಯ ಮೇಲೇ ಬದುಕುವವರಿಗೆ ಅದು ತೊಂದರೆ. ಅಯೊಡೀನ್ ಉಪ್ಪು ತಿನ್ನುವವರು ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ಸಂತೋಷವಾಗಿ ತಿನ್ನಲಿ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಕೆಲವು ಭಾಗಗಳಿಗೆ ಅಯೊಡೀನ್ ಉಪ್ಪು, ಇನ್ನೊಂದು ಭಾಗಕ್ಕೆ ಬರಿ ಉಪ್ಪು ಹಂಚಿ ನೋಡಲು ತೊಡಗಿದರು. ಅಯೊಡೀನ್ ಸಿಕ್ಕ ಊರುಗಳಲ್ಲಿ ಮಕ್ಕಳ ಗಳಗಂಡ ಇಳಿಯಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಈಗ ಉಪ್ಪು ಮನೆಗೆ ಮುಟ್ಟುವಾಗ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೊಡೀನ್ ಇರಬೇಕೆಂಬ ನಿಯಮವಿದೆ. ಹರಳುಪ್ಪನ್ನು ತೊಳೆದು ಬಳಸಿದರೆ, ತೆರೆದ ಗಡಿಗೆಯಲ್ಲಿ ತೇವಕ್ಕೆ ಬಿಟ್ಟರೆ ಅಯೊಡೀನ್ ಹೊರಟುಹೋಗುತ್ತದೆ. ಮುಚ್ಚಳ ಹಾಕಿಡಿ.

ನಾನು ಓದುವಾಗ ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. 2022ರಲ್ಲಿ 150 ಸೀಟುಗಳೊಡನೆ ಯಾದಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಶುರುವಾಗಿದೆ. ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯಿಂದಾಗಿ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಳ್ಳಿಯ ಮಕ್ಕಳಿಗೂ ಆ ಬಾಗಿಲು ತೆರೆದಿದೆ. ಅವರಿಗೆ ನನ್ನ ಒಂದೇ ಕೋರಿಕೆ. ಇಂಗ್ಲಿಷ್ ಸೂತ್ರಗಳನ್ನು ಕಲಿಯಿರಿ, ಪರೀಕ್ಷೆಗೆ ಅವು ಬೇಕು. ನೋಟುಪುಸ್ತಕದ ಎದುರು ಪುಟವನ್ನು ಖಾಲಿ ಬಿಡಿ, ರೋಗಿ ಹೇಳಿದ ಮಾತನ್ನು ಹೇಳಿದ ಹಾಗೆಯೇ ಅಲ್ಲಿ ಬರೆಯಿರಿ. 'ಕೈಕಾಲು ಎಳೀತಾವ', 'ಎದಿ ಡವಡವ ಅಂತದ', 'ಕುತಗಿ ಹಿಡಿದಂಗ ಆಗ್ತದ' ಎಂಬ ಮಾತುಗಳು ಯಾವ ಪಠ್ಯದಲ್ಲೂ ಸಿಗವು.

ಗುಳಿಗೆ ಶುರುವಾದ ಎಷ್ಟೋ ತಿಂಗಳ ಮೇಲೆ ಆ ಹೆಣ್ಣುಮಗಳನ್ನು ಬಳಿಚಕ್ರದಲ್ಲಿ ಮತ್ತೆ ಕಂಡೆ. ಹೊಲದಲ್ಲಿ ತೊಗರಿ ರಾಶಿಯ ಹೊತ್ತು. ತಲೆಗೆ ಸೆರಗು ಬಿಗಿದು ಕಾಳು ತೂರುತ್ತಿದ್ದಳು. ಅಂದು ನನಗೆ ತಿಳಿಯಲಿಲ್ಲ ಅತ್ತೀ, ತಪ್ಪಾಯಿತು ಎಂದೆ. ಅವಳು ಮೊರ ಕೆಳಗಿಟ್ಟು, ಬದುವಿನ ಮೇಲೆ ನಿಲ್ಲಿಸಿದ್ದ ತೊಗರಿಯ ಚೀಲವನ್ನು ತೋರಿಸಿ, "ನಾ ಹೇಳಿದ್ದೆನಲ್ಲ, ಹಂಗ ಆಗಿದ್ದೆ" ಎಂದಳು. ಅಂದು ರಾತ್ರಿ ಪುಟ ತೆರೆದು ಮೂ ಮುಂದೆ ಬರೆದೆ: ಮೂಟಿ.